ಹುಣಸೆಹಣ್ಣು ಹಚ್ಚಿ ತೊಳೆದ ಸಿಲಿಂಡರ್

ನಮ್ಮ ಮನೆಗೆ ಗ್ಯಾಸ್ ಬಂದದ್ದು ಅಮ್ಮನ ಎದೆಯ ಸಲುವಾಗಿ. ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾದ ಕಾಲ ಅದು. ನಮ್ಮ ಕಡೆ ಗ್ಯಾಸ್ ಇದ್ದದ್ದು ಎಸ್ಟೇಟ್ ಮಾಲೀಕರ ಬಂಗಲೆಗಳಲ್ಲಿ, ಕುದುರೆಮುಖದ ಗಣಿ ಕಂಪನಿಯ ಕ್ವಾರ್ಟರ್ಸುಗಳಲ್ಲಿ, ಪೇಟೆಯ ಕೆಲವು ಅನುಕೂಲಸ್ಥರ ಮನೆಗಳಲ್ಲಿ. ಎಸ್ಟೇಟಿನ ಒಬ್ಬ ರೈಟರ ಮನೆಗೆ ಅದು ಬಂತೆಂದರೆ ಜನ ನಾಲ್ಕು ಮಾತು ಆಡಿಯೇ ಆಡುತ್ತಾರೆ, ಆಡಿದರು ಕೂಡ. ಆದರೆ ಮೂಡಿಗೆರೆಯ ಡಾಕ್ಟರು ಅಮ್ಮನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿ, ಇವರನ್ನು ಇನ್ನೂ ಒಲೆ ಮುಂದೆ ಕೂರಿಸಿದರೆ ನನ್ನ ಔಷಧಿಯಿಂದ ಏನೂ ಆಗುವುದಿಲ್ಲ ಎಂದು ಅಪ್ಪನಿಗೆ ಹೇಳಿದ್ದರು. ಅಮ್ಮನಿಗೂ ಅದು ಕೇಳಿಸಿತ್ತು. ಹೊರಗೆ ಬಂದವಳೇ, ಹೊಗೆ ಕುಡಿಯದೆ ಬೆಳೆದ ಹೆಂಗಸು ಈ ಊರಲ್ಲಿ ಯಾರಿದ್ದಾಳೆ ತೋರಿಸಿ ಎಂದು ಅಪ್ಪನ ಮೇಲೆಯೇ ರೇಗಿದಳು.

ಅಪ್ಪ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯ ಬದಿಯ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ, ಕಾಫಿ ಹಣ್ಣಿನ ತೂಕ, ಗೊಬ್ಬರದ ಲೆಕ್ಕ ಎಲ್ಲ ಅವರದೇ. ಎಸ್ಟೇಟಿನವರು ಕೊಟ್ಟ ಕ್ವಾರ್ಟರ್ಸಿನಲ್ಲಿ ನಾವು ಮೂವರು. ನಾನು ಹತ್ತಿರದ ಶಾಲೆಯಲ್ಲಿ ಟೀಚರಾಗಿ ಸೇರಿದ್ದೆ. ಆ ಕ್ವಾರ್ಟರ್ಸನ್ನು ಕಟ್ಟಿಸಿದವನು ತನ್ನ ಜೀವಮಾನದಲ್ಲಿ ಒಂದು ದಿನವೂ ಅಡುಗೆ ಮಾಡಿರಲಿಕ್ಕಿಲ್ಲ. ಅಡುಗೆಮನೆಗೆ ಕಿಟಕಿಯೇ ಇಟ್ಟಿರಲಿಲ್ಲ. ಹೊಗೆ ಹೆಂಚಿನ ಸಂದಿಯಲ್ಲಿ ದಾರಿ ಹುಡುಕಿಕೊಂಡು ಹೋಗಬೇಕು, ಇಲ್ಲವೇ ಅಮ್ಮನ ಮೂಗಿನೊಳಗೆ ಹೋಗಬೇಕು.

ಅಪ್ಪ ಚಿಕ್ಕಮಗಳೂರಿನ ಏಜೆನ್ಸಿಯಲ್ಲಿ ಹೆಸರು ಬರೆಸಿ ಬಂದ ಮೇಲೆ ಎಷ್ಟು ಕಾಫಿ ಕೊಯ್ಲು ಮುಗಿದವೋ. ಕೊನೆಗೊಂದು ದಸರೆಯ ಮುಂಚೆ ಎಸ್ಟೇಟ್ ಜೀಪಿನಲ್ಲಿ ಒಲೆ, ರಬ್ಬರ್ ಪೈಪು ಮತ್ತು ಒಂದು ಕೆಂಪು ಸಿಲಿಂಡರ್ ಬಂದಿಳಿದವು. ಒಲೆ ಹೊಸದು, ಸಿಲಿಂಡರ್ ಮಾತ್ರ ಊರೂರು ತಿರುಗಿ ಬಂದ ಮುದುಕ. ಒಂದು ಕಡೆ ನೆಗ್ಗಿತ್ತು, ಬಣ್ಣ ಅಲ್ಲಲ್ಲಿ ಹಪ್ಪಳವಾಗಿ ಎದ್ದಿತ್ತು. ಕೂರಿಸುವ ಕೆಳಗಿನ ಬಳೆ ಆಗಲೇ ತುಕ್ಕು ಹಿಡಿದಿತ್ತು. ಇದೆಂಥದು ಹಳೆಯದು ಕೊಟ್ಟಿರಿ ಎಂದು ಅಪ್ಪ ಕೇಳಿದ್ದಕ್ಕೆ, ಗ್ಯಾಸು ಹೊಸದೇ ರೈಟರೇ, ಡಬ್ಬ ಹಳೆಯದು ಅಷ್ಟೆ ಎಂದು ಏಜೆನ್ಸಿಯವನು ನಕ್ಕನಂತೆ.

ಅಮ್ಮ ಮೊದಲು ಅದರ ಹತ್ತಿರ ಹೋಗಲೇ ಇಲ್ಲ. ಬೆಂಕಿಕಡ್ಡಿ ಗೀರಿ ಕೈ ಉದ್ದ ಮಾಡಿ, ಮುಖ ಆಚೆ ತಿರುಗಿಸಿ, ಹಾವಿನ ಬಾಲ ಮುಟ್ಟುವವಳ ಹಾಗೆ ಹಚ್ಚುವಳು. ನಾನೂ ಅಪ್ಪನೂ ನಗುತ್ತಿದ್ದೆವು. ಅಕ್ಕಿರೊಟ್ಟಿ ವಿಷಯದಲ್ಲಿ ಅವಳಿಗೆ ಕಡೆಯವರೆಗೂ ಸಮಾಧಾನವಿರಲಿಲ್ಲ. ಕೆಂಡದ ಮೇಲೆ ಉಬ್ಬದ ರೊಟ್ಟಿಯೂ ಒಂದು ರೊಟ್ಟಿಯಾ ಎನ್ನುವಳು. ಆದರೂ ಮೆಲ್ಲಗೆ ರೂಢಿಯಾಯಿತು. ಬೆಳಗಿನ ಕಾಫಿ, ಮಧ್ಯಾಹ್ನದ ಅನ್ನ ಸಾರು, ಸಂಜೆಯ ಕಡುಬು ಎಲ್ಲವೂ ಗ್ಯಾಸಿನ ಮೇಲೆ ಆಗತೊಡಗಿದವು. ಬಚ್ಚಲ ಹಂಡೆಯ ಒಲೆಯನ್ನು ಅಪ್ಪ ತಾವೇ ಉರಿಸಿದರು. ದಸರೆ ಮುಗಿಯುವ ಹೊತ್ತಿಗೆ ಅಮ್ಮ ಮಲಗಿ ನಿದ್ದೆ ಮಾಡತೊಡಗಿದಳು. ಅದಕ್ಕೆ ಮುಂಚೆ ವರ್ಷಗಟ್ಟಲೆ ಅವಳು ಗೋಡೆಗೆ ದಿಂಬು ಇಟ್ಟು ಕೂತೇ ನಿದ್ದೆ ಮಾಡಿದವಳು. ಬೆನ್ನು ಚಾಪೆಗೆ ತಾಗಿಸಿದರೆ ಕೆಮ್ಮು ಮೇಲೇಳುತ್ತಿತ್ತು. ಅವಳು ಕಾಲು ಚಾಚಿ ಮಲಗಿದ್ದನ್ನು ನೋಡಿ ನನಗೆ ಆದ ಸಂತೋಷವನ್ನು ಈಗಲೂ ಯಾರಿಗೂ ಸರಿಯಾಗಿ ಹೇಳಲಾರೆ.

ಆಮೇಲೆ ದೀಪಾವಳಿ ಬಂತು. ನಮ್ಮಲ್ಲಿ ಹಬ್ಬದ ಮೊದಲ ದಿನ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಮುಖ ಕಾಣುವ ಹಾಗೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕುತ್ತಿಗೆಗೆ ಕಾಡಿನ ಬಳ್ಳಿ ಕಟ್ಟಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮನೆಯ ಕೊಡ, ಬಿಂದಿಗೆ, ಚೊಂಬು ಯಾವುದಕ್ಕೂ ಆ ದಿನ ಬಿಡುಗಡೆಯಿಲ್ಲ. ನಾನು ಶಾಲೆಯಿಂದ ಬರುವಾಗ ಅಮ್ಮ ಬಚ್ಚಲ ಕಲ್ಲಿನ ಮೇಲೆ ಸೆರಗು ಸಿಕ್ಕಿಸಿಕೊಂಡು ಕೂತಿದ್ದಳು. ಮುಂದೆ ಹಂಡೆಯಿರಲಿಲ್ಲ, ಅದು ಆಗಲೇ ತೊಳೆದಾಗಿತ್ತು. ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಿದ ಸಿಲಿಂಡರನ್ನು ಎಣ್ಣೆ ಹಚ್ಚಿದ ಮಗುವಿನ ಹಾಗೆ ಎರಡು ಕಾಲಿನ ನಡುವೆ ಇಟ್ಟುಕೊಂಡು ಉಜ್ಜುತ್ತಿದ್ದಳು. ಎದ್ದಿದ್ದ ಬಣ್ಣವೆಲ್ಲ ಉದುರಿ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೇಲಿನ ಹಿಡಿಬಳೆಯ ಕೆಳಗೆ, ಅದನ್ನು ಹೊತ್ತ ಪಟ್ಟಿಗಳ ಒಳಮೈಗೆ ಕೂಡ ಬೆರಳಲ್ಲಿ ನಾರು ತೂರಿಸಿ ತಿಕ್ಕಿದ್ದಳು.

"ನನ್ನ ಉಸಿರು ಉಳ್ಸಿದ್ದು ಕಣೇ ಇದು. ಹಂಡೆಗೆ ಪೂಜೆ ಮಾಡಿ ಇದನ್ನ ಹಾಗೇ ಬಿಡೋದಾ?" ಎಂದಳು.

ನನಗೂ ಅದು ಸರಿಯೆಂದೇ ತೋರಿತು. ಸುಣ್ಣದ ಪಟ್ಟೆ ಎಳೆದವಳು ನಾನೇ. ಅಪ್ಪ ಬಂದು ನೋಡಿ, ಇದಕ್ಕೊಂದು ಮೂಗುತಿ ಚುಚ್ಚಿದ್ದರೆ ಮದುವೆ ಮಾಡಿ ಕಳಿಸಬಹುದಿತ್ತು ಮಾರಾಯ್ತಿ ಎಂದು ತಮಾಷೆ ಮಾಡಿದರು. ಆ ದಿನ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು.

ಅಷ್ಟಕ್ಕೇ ನಿಲ್ಲಲಿಲ್ಲ. ಚಳಿ ಕಳೆದು ಬಿಸಿಲು ಏರಿದಾಗ ಬಂಗಲೆಯ ಅಡುಗೆಯವನು ಅಮ್ಮನಿಗೆ ಒಂದು ಹೆದರಿಕೆ ಹಾಕಿದ. ಸಿಲಿಂಡರ್ ಬಿಸಿಯಾದರೆ ಸಿಡಿಯುತ್ತದಂತೆ, ಹಾಸನದ ಕಡೆ ಎಲ್ಲೋ ಮನೆಯ ಮಾಡೇ ಹಾರಿಹೋಯಿತಂತೆ. ಅಂದಿನಿಂದ ಅಮ್ಮ ಅದಕ್ಕೆ ಗೋಣಿಚೀಲ ಸುತ್ತಿ, ತುಳಸಿಗೆ ನೀರು ಹಾಕಿದ ಮೇಲೆ ಒಂದು ಚೊಂಬು ಇದಕ್ಕೂ ಹಾಕತೊಡಗಿದಳು. ಬಣ್ಣ ಕಳೆದುಕೊಂಡ ಕಬ್ಬಿಣದ ಮೇಲೆ ಸದಾ ಒದ್ದೆ ಗೋಣಿ. ಗೋಣಿಯ ಒಳಗೆ ಏನಾಗುತ್ತಿದೆ ಎಂದು ಬಿಚ್ಚಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಶಿವರಾತ್ರಿ ಕಳೆದು ಕಾಫಿ ಹೂವಿನ ಮಳೆ ಬಿದ್ದ ವಾರ, ಅಮ್ಮ ಅಳೆದಳೆದು ಉರಿಸಿದ ಗ್ಯಾಸ್ ಮುಗಿಯಿತು. ನಮ್ಮ ಕಡೆಗೆ ಮನೆಬಾಗಿಲಿಗೆ ತಂದುಕೊಡುವವರು ಇರಲಿಲ್ಲ. ಎಸ್ಟೇಟಿನ ಪಾರ್ಚ್‌ಮೆಂಟ್ ಕಾಫಿ ಹೇರಿಕೊಂಡು ಅದರ ಸಿಪ್ಪೆ ತೆಗೆಯುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗುವ ಲಾರಿಯಲ್ಲೇ ಅಪ್ಪ ಖಾಲಿ ಸಿಲಿಂಡರ್ ಒಯ್ದರು. ಕಾಫಿಗೆ ವಾಸನೆ ಹಿಡಿಯುತ್ತದೆಂದು ಡ್ರೈವರು ಅದನ್ನು ಮೂಟೆಗಳ ಹತ್ತಿರಕ್ಕೂ ಬಿಡಲಿಲ್ಲ. ಅಪ್ಪ ಅದನ್ನು ಮುಂದೆ ಕಾಲಿನ ನಡುವೆ ಅವುಚಿಕೊಂಡು ಕೂತು ಹೋದರು.

ಏಜೆನ್ಸಿಯಲ್ಲಿ ಗೋಣಿ ಬಿಚ್ಚಿದಾಗ ಅದರ ಜೊತೆಗೆ ತುಕ್ಕಿನ ಪದರಗಳೂ ಎದ್ದು ಬಂದವಂತೆ. ಕೆಳಗಿನ ಬಳೆ ಕೈಯಲ್ಲಿ ಮುರಿಯುವಂತಿತ್ತು. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದು. ಸಿಲಿಂಡರನ್ನು ಇಷ್ಟಿಷ್ಟು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕು, ಮುಂದಿನ ಪರೀಕ್ಷೆ ಯಾವಾಗ ಎನ್ನುವುದನ್ನು ಮೇಲಿನ ಪಟ್ಟಿಯ ಒಳಮೈಯಲ್ಲಿ ಬಣ್ಣದಲ್ಲಿ ಬರೆದಿರುತ್ತಾರೆ. ನಮ್ಮದರಲ್ಲಿ ಆ ಜಾಗ ನುಣ್ಣಗಿತ್ತು. ತಾರೀಖು ಇಲ್ಲದ ಸಿಲಿಂಡರಿಗೆ ಬದಲಿ ಕೊಡಲು ಬರುವುದಿಲ್ಲ; ಇದು ಗ್ಯಾಸ್ ತುಂಬುವ ಪ್ಲಾಂಟಿಗೆ ಹೋಗಬೇಕು, ಅಲ್ಲಿ ನೀರು ತುಂಬಿಸಿ ಒತ್ತಡ ಕೊಟ್ಟು ನೋಡುತ್ತಾರೆ, ಪಾಸಾದರೆ ಹೊಸ ತಾರೀಖು ಬರುತ್ತದೆ, ಫೇಲಾದರೆ ಬೇರೆಯದು ಮಂಜೂರಾಗಬೇಕು ಎಂದರು. ಎಷ್ಟು ದಿನ ಎಂದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು. ಅಪ್ಪ ಅಮ್ಮನ ಕಾಯಿಲೆಯ ಕತೆಯನ್ನೆಲ್ಲ ಹೇಳಿದರಂತೆ. ಪಾಪ ಎಂದರಂತೆ. ಪಾಪ ಎನ್ನುವುದಕ್ಕೆ ಯಾವ ಮಂಜೂರಾತಿಯೂ ಬೇಡವಲ್ಲ.

ಅಪ್ಪ ಸಿಟ್ಟಿನಿಂದ ಸಿಲಿಂಡರನ್ನು ಅಲ್ಲಿ ಬಿಡದೆ ಹಿಂದಕ್ಕೆ ತಂದರು. ದಾರಿಯಲ್ಲಿ ಮೂಡಿಗೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಇಳಿದರು. ಅಲ್ಲಿನ ಸಾಬರು ಎಸ್ಟೇಟಿನ ಜೀಪು, ಹಣ್ಣು ಸುಲಿಯುವ ಪಲ್ಪರ್, ಮೋಟಾರು ಎಲ್ಲಕ್ಕೂ ವೈದ್ಯರು, ಅಪ್ಪನ ಹಳೆಯ ಸ್ನೇಹಿತರು. ಕೆಳಗೊಂದು ಹೊಸ ಬಳೆ ಕೂರಿಸಿ, ಕೆಂಪು ಬಣ್ಣ ಬಳಿದು, ಪಟ್ಟಿಯ ಮೇಲೆ ಒಂದು ತಾರೀಖು ಬರೆದು ಕೊಡಿ, ಬೇರೆ ಊರಿನ ಏಜೆನ್ಸಿಯಲ್ಲಿ ಬದಲಾಯಿಸಿಕೊಳ್ಳುತ್ತೇನೆ ಎಂದು ಅಪ್ಪ ಕೇಳಿದರು. ಸುಳ್ಳು ತೂಕ ಬರೆಯದ ಮನುಷ್ಯ ಅವರು. ಅಂಥವರು ಹೀಗೆ ಕೇಳಿದ್ದನ್ನು ನೆನೆದರೆ ಆಗ ಅವರಿಗೆ ಎಷ್ಟು ದಿಗಿಲಾಗಿತ್ತು ಎನ್ನುವುದು ತಿಳಿಯುತ್ತದೆ. ಸಾಬರು ಹೇಳಿದ ಮಾತನ್ನು ಅಪ್ಪ ನನಗೆ ಎಷ್ಟೋ ವರ್ಷಗಳ ಮೇಲೆ ಹೇಳಿದರು.

"ನಂಬರ್ ಬರೆಯೋದು ಒಂದ್ ನಿಮ್ಷದ ಕೆಲ್ಸ ರೈಟ್ರೇ. ಆದ್ರೆ ಆ ನಂಬರ್ ನಂಬ್ಕೊಂಡು ಯಾವ್ದೋ ಮನೆ ಹೆಂಗ್ಸು ಕಡ್ಡಿ ಗೀರ್ತಾಳೆ. ನನ್ ಕೈಲಿ ಆಗಲ್ಲ."

ಅವರು ಹಾಗೆಂದು ಸುಮ್ಮನೆ ಕಳಿಸಲಿಲ್ಲ. ಮರುದಿನವೇ ತಗಡು ಸುತ್ತಿ ಒಂದು ಹೊಗೆಕೊಳವೆ ಮಾಡಿ ತಂದು, ತಾವೇ ಮಾಡಿನ ಮೇಲೆ ಹತ್ತಿ ಹೆಂಚು ಸರಿಸಿ ಒಲೆಯ ಮೇಲೆ ಕೂರಿಸಿ ಹೋದರು. ಅಪ್ಪ ಸಿಟ್ಟು ನುಂಗಿಕೊಂಡು ಮುಂದಿನ ಲೋಡಿನಲ್ಲಿ ಸಿಲಿಂಡರನ್ನು ಚಿಕ್ಕಮಗಳೂರಿಗೆ ಒಯ್ದು ಪರೀಕ್ಷೆಗೆ ಒಪ್ಪಿಸಿದರು.

ಅಮ್ಮನಿಗೆ ನಿಜ ಹೇಳಬಾರದೆಂದು ನಾವು ಮಾತಾಡಿಕೊಂಡೆವು. ಗ್ಯಾಸ್ ಸ್ಟಾಕಿಲ್ಲವಂತೆ, ಬರುತ್ತದಂತೆ ಎಂದೆವು. ಆದರೆ ಎಸ್ಟೇಟಿನಲ್ಲಿ ಗುಟ್ಟು ನಿಲ್ಲುತ್ತದೆಯೇ? ಲಾರಿ ಡ್ರೈವರು ಕೂಲಿ ಲೈನಿನ ಹೆಂಗಸರ ಮುಂದೆ, ರೈಟರ ಮನೆಯವರು ಸಿಲಿಂಡರನ್ನೂ ಕಂಚಿನ ಚೊಂಬು ಅಂದುಕೊಂಡು ತಾರೀಖು ಅಳಿಸಿ ಹಾಕಿದ್ದಾರೆ ಎಂದು ಹೇಳಿ ನಗಿಸಿದ್ದ. ಸೌದೆ ತಂದುಕೊಡುವವಳು ಅದನ್ನು ಅಮ್ಮನಿಗೇ ಒಪ್ಪಿಸಿದಳು. ಸಂಜೆ ನಾನು ಬಂದಾಗ ಅಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೈ ನೋಡಿಕೊಳ್ಳುತ್ತಾ ಕೂತಿದ್ದಳು.

"ಹೊಳೆಯೋ ಹಾಗೆ ತೊಳ್ದಿದ್ದೆ ಕಣೇ ನಾನು," ಎಂದಳು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಳಿಸಬಾರದ್ದನ್ನು ಅಳಿಸಿಹೋಗುವ ಬಣ್ಣದಲ್ಲಿ ಬರೆದವನ ಮೇಲೆ, ನಗಿಸಿದ ಡ್ರೈವರನ ಮೇಲೆ, ನೀರು ತುಂಬುವ ಹಬ್ಬದ ಮೇಲೆ, ಎಲ್ಲದರ ಮೇಲೂ ಸಿಟ್ಟು. ಅಮ್ಮನ ಮೇಲೆ ಮಾತ್ರ ಬರಲಿಲ್ಲ. ಅವಳಿಗೋ ಅವಳ ಮೇಲೆಯೇ ಬಂದಿತ್ತು. ಅಂದಿನಿಂದ ಗ್ಯಾಸ್ ಯಾವಾಗ ಬರುತ್ತದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ನಾನು ಬೆಳಿಗ್ಗೆ ಬೇಗ ಎದ್ದು ಮಧ್ಯಾಹ್ನದ ಅಡುಗೆಯನ್ನೂ ಮುಗಿಸಿ ಹೋದರೆ, ನಾನು ಬರುವಷ್ಟರಲ್ಲಿ ರಾತ್ರಿಯದನ್ನು ಮಾಡಿಟ್ಟಿರುತ್ತಿದ್ದಳು. ಅಪ್ಪ ಒಲೆ ಮುಂದೆ ಕೂರಲು ಹೋದರೆ ಎಬ್ಬಿಸಿ ಕಳಿಸುತ್ತಿದ್ದಳು. ಸೀಮೆಎಣ್ಣೆ ಸ್ಟವ್ ತಂದೆವು, ಅದರ ವಾಸನೆಗೆ ಕೆಮ್ಮು ಇನ್ನೂ ಜಾಸ್ತಿಯಾಯಿತು. ತಪ್ಪು ತನ್ನದು, ಆದ್ದರಿಂದ ಹೊಗೆಯೂ ತನ್ನದೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು ಅಂತ ನನಗೆ ಈಗ ಅನ್ನಿಸುತ್ತದೆ.

ಬೇಸಿಗೆಯಲ್ಲಿ ಹೊಗೆಕೊಳವೆ ಚೆನ್ನಾಗಿ ಎಳೆಯಿತು. ಅಪ್ಪ ಪೇಟೆಗೆ ಹೋದಾಗೆಲ್ಲ ಸಾಬರು ಕೇಳುತ್ತಿದ್ದರಂತೆ, ಅಮ್ಮಾವರು ಹೇಗಿದ್ದಾರೆ, ಕೊಳವೆ ಹೊಗೆ ಎಳೆಯುತ್ತಿದೆಯಾ ಎಂದು. ಮಳೆಗಾಲ ಹಿಡಿಯಿತು ನೋಡಿ, ಗಾಳಿ ಮೇಲಿನಿಂದ ಕೊಳವೆಯೊಳಗೆ ನುಗ್ಗಿ ಹೊಗೆಯನ್ನೆಲ್ಲ ವಾಪಸು ಅಡುಗೆಮನೆಗೇ ದಬ್ಬಿತು. ಸೌದೆ ಒದ್ದೆ. ಸಿಲ್ವರ್ ಓಕಿನ ಹಸಿ ಕೊಂಬೆ, ಕಾಫಿ ಗಿಡದ ಬೊಡ್ಡೆ ಉರಿಯುವುದಕ್ಕಿಂತ ಅಳುವುದೇ ಹೆಚ್ಚು. ಅಮ್ಮ ಮತ್ತೆ ಗೋಡೆಗೆ ದಿಂಬು ಇಟ್ಟುಕೊಂಡಳು. ಕೆಮ್ಮು ನಿಂತರೆ ನಾವು ಎಚ್ಚರವಾಗುತ್ತಿದ್ದೆವು. ಯಾಕೆ ನಿಂತಿತು ಎಂದು ಅಪ್ಪ ಕತ್ತಲೆಯಲ್ಲೇ ಕಿವಿಗೊಟ್ಟು, ಮತ್ತೆ ಕೇಳಿಸಿದ ಮೇಲೆ ಮಗ್ಗುಲಾಗುತ್ತಿದ್ದರು.

ಆಷಾಢದಲ್ಲಿ ಏಜೆನ್ಸಿಯಿಂದ ಹೇಳಿಕಳಿಸಿದರು. ನಮ್ಮ ಸಿಲಿಂಡರ್ ಪರೀಕ್ಷೆಯಲ್ಲಿ ಫೇಲಾಗಿತ್ತು. ಒತ್ತಡ ಕೊಟ್ಟಾಗ ತಳದಲ್ಲಿ ನೀರು ಜಿನುಗಿತಂತೆ. ಅದನ್ನು ಗುಜರಿಗೆ ಹಾಕಿ ಬೇರೆಯದನ್ನು ಮಂಜೂರು ಮಾಡಿದ್ದರು. ಅಪ್ಪ ಸುರಿಯುವ ಮಳೆಯಲ್ಲಿ ಹೋಗಿ ತಂದರು. ಈ ಸಲ ನಿಜವಾಗಿಯೂ ಹೊಸದು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅಮ್ಮ ಅಷ್ಟೊತ್ತಿಗೆ ಎದ್ದು ಓಡಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅವಳನ್ನು ಕೈಹಿಡಿದು ಕರೆತಂದು ಅಡುಗೆಮನೆಯಲ್ಲಿ ಕೂರಿಸಿದೆವು. ತಾರೀಖು ಎಲ್ಲಿ ಬರೆದಿದ್ದಾರೆ ಎಂದು ಕೇಳಿದಳು. ಅಪ್ಪ ಟಾರ್ಚ್ ಬಿಟ್ಟು ತೋರಿಸಿದರು. ಅವಳು ಅದನ್ನು ಮುಟ್ಟಲಿಲ್ಲ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ನೋಡಿದಳು. ನಾನು ಗ್ಯಾಸ್ ಹಚ್ಚಿ ಕಾಫಿ ಮಾಡಿಕೊಟ್ಟೆ. ಎರಡು ಗುಟುಕು ಕುಡಿದು, ಚೆನ್ನಾಗಿದೆ ಎಂದಳು. ನನ್ನ ಕಾಫಿಯನ್ನು ಅವಳು ಚೆನ್ನಾಗಿದೆ ಎಂದದ್ದು ಅದೇ ಮೊದಲು, ಅದರಿಂದಲೇ ನನಗೆ ಭಯವಾಯಿತು.

ಆ ವಾರ ಕಳೆಯಲಿಲ್ಲ. ರಸ್ತೆಗೆ ಮರ ಬಿದ್ದು ಅಮ್ಮನನ್ನು ಕರೆದೊಯ್ದ ಜೀಪು ಮೂಡಿಗೆರೆ ತಲುಪುವುದು ತಡವಾಯಿತು. ಆಸ್ಪತ್ರೆಯಲ್ಲಿ ಅವಳು ಮಧ್ಯಾಹ್ನದ ಹೊತ್ತಿಗೆ ತೀರಿಹೋದಳು. ಮರ ಬೀಳದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪ ಅಳಲಿಲ್ಲ. ಸಾಬರು ಅಂಗಡಿಗೆ ಬಾಗಿಲು ಹಾಕಿ ಬಂದು, ನಮ್ಮ ಜೊತೆ ಜೀಪಿನಲ್ಲಿ ಕೂತು ಮನೆಯವರೆಗೂ ಬಂದರು. ಅವರೇ ಅತ್ತರು, ಅಪ್ಪನೇ ಅವರ ಬೆನ್ನು ಸವರಿದರು. ಮಣ್ಣು ಮಾಡಿ ಬಂದಮೇಲೂ ಅಪ್ಪ ಅಳಲಿಲ್ಲ. ಹಾಜರಿ ಪುಸ್ತಕ ತರಿಸಿಕೊಂಡು ಬರೆಯುತ್ತಾ ಕೂತರು.

ತಿಥಿಯ ದಿನಕ್ಕೆ ವಸ್ತಾರೆಯಿಂದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹಿಂದಿನ ದಿನವೇ ಬಂದಳು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಬಾಳೆಯೆಲೆಯಲ್ಲಿ ಎಡೆ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಪದ್ಧತಿ. ತೀರಿಹೋದವರು ಒಳಗೆ ಬಂದು ಉಣ್ಣುತ್ತಾರೆ, ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ದೊಡ್ಡಮ್ಮ ಬೆಳಿಗ್ಗೆಯೇ ಒಲೆಗೆ ಸಗಣಿ ಸಾರಿಸಿ, ಸೌದೆ ಜೋಡಿಸಿ, ಕಡುಬಿನ ಪಾತ್ರೆ ಏರಿಸಲು ಸಿದ್ಧವಾಗಿದ್ದಳು. ನಾನು ಆ ಪಾತ್ರೆಯನ್ನು ತೆಗೆದು ಗ್ಯಾಸಿನ ಮೇಲೆ ಇಟ್ಟೆ.

"ಎಡೆ ಅಡುಗೆ ಕಣೇ. ಒಲೆ ಮೇಲೇ ಆಗ್ಬೇಕು. ಗ್ಯಾಸಿಂದು ಅವ್ಳಿಗೆ ಮುಟ್ಟಲ್ಲ," ಎಂದು ದೊಡ್ಡಮ್ಮ ನನ್ನ ಕೈ ಹಿಡಿದಳು.

"ಮನೆ ತುಂಬ ಹೊಗೆ ಇದ್ರೆ ಅಮ್ಮ ಒಳಗೆ ಹೇಗ್ ಬರ್ತಾಳೆ ದೊಡ್ಡಮ್ಮ?" ಎಂದೆ.

ದೊಡ್ಡಮ್ಮ ಹಿಡಿದ ಕೈ ಬಿಡಲಿಲ್ಲ. ಅಮ್ಮನೇ ಇದ್ದಿದ್ದರೆ ಇಂಥ ಅಡುಗೆಯನ್ನು ಒಲೆಯ ಮೇಲೇ ಮಾಡುತ್ತಿದ್ದಳು, ಅದು ನನಗೂ ಗೊತ್ತಿತ್ತು, ದೊಡ್ಡಮ್ಮನಿಗೂ ಗೊತ್ತಿತ್ತು. ಅಷ್ಟರಲ್ಲಿ ಅಪ್ಪ ಒಳಗೆ ಬಂದರು. ಒಲೆಯೊಳಗೆ ಜೋಡಿಸಿದ್ದ ಸೌದೆಯನ್ನು ಒಂದೊಂದಾಗಿ ತೆಗೆದು ತೋಳಿನಲ್ಲಿ ತುಂಬಿಕೊಂಡು ಹಿತ್ತಿಲಿಗೆ ಹೋಗಿ ಮಳೆಯಲ್ಲಿ ಹಾಕಿಬಂದರು. ದೊಡ್ಡಮ್ಮ ಕೈ ಬಿಟ್ಟು ತೆಂಗಿನಕಾಯಿ ತುರಿಯಲು ಕೂತಳು.

ಕಡುಬು, ಕೋಳಿಸಾರು, ಅಕ್ಕಿರೊಟ್ಟಿ, ಒಂದು ಲೋಟ ಕಾಫಿ ಎಲ್ಲ ಬಡಿಸಿ, ದೀಪ ಹಚ್ಚಿ, ಅಪ್ಪ ಬಾಗಿಲು ಮುಚ್ಚಿದರು. ನಾವೆಲ್ಲ ಜಗಲಿಯಲ್ಲಿ ನಿಂತೆವು. ಮಳೆ ಸ್ವಲ್ಪ ಬಿಟ್ಟಿತ್ತು. ಎಲ್ಲರೂ ತಲೆ ತಗ್ಗಿಸಿದ್ದರೆ ಅಪ್ಪ ಮಾತ್ರ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. ನನಗೇ ಗೊತ್ತಿಲ್ಲದೆ ನಾನೂ ಕಿವಿಗೊಟ್ಟೆ. ಒಳಗೆ ಕೆಮ್ಮು ಇರಲಿಲ್ಲ. ಅಪ್ಪ ಇನ್ನಷ್ಟು ಹೊತ್ತು ಕಾದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಅಷ್ಟೂ ಜನರ ಮುಂದೆ, ಜೋರಾಗಿ ಅತ್ತರು.